ಭಾವನ ಮಂಡಿನೋವಿಗೆ ಬೆಟ್ಟ ಹತ್ತಿದ ದೊಕ್‌ಸಿಮ್

ಕೊರಿಯಾದ ಆಂದೊಂಗ್ ಪೇಟೆಯ ಬಿಸಿನೀರಿನ ಸ್ನಾನದ ಮನೆಯಲ್ಲಿ ಗಲ್ಲಾದಲ್ಲಿ ಕೂರುವವಳು ನಾನು. ಒಳಗೆ ಹೆಂಗಸರ ಮೈ ಉಜ್ಜುವವಳು ದೊಕ್‌ಸಿಮ್. ಅವಳ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಊರಿನ ಅರ್ಧ ಗುಟ್ಟುಗಳು ಮೈಕೊಳೆಯ ಜೊತೆಗೇ ಅವಳ ಮುಂದೆ ಉದುರಿವೆ. ಗಂಡ ತೀರಿಕೊಂಡ ಮೇಲೆ ಯಾರಿಗೂ ಸೊಪ್ಪು ಹಾಕದ ಈ ಹೆಂಗಸು ಹೆದರುತ್ತಿದ್ದದ್ದು ಒಬ್ಬರಿಗೇ, ಓರಗಿತ್ತಿ ಇಲ್‌ಸುನ್‌ಗೆ.

ಚಳಿಗಾಲ ಕಾಲಿಡುವ ಹೊತ್ತಿಗೆ ಮನೆತನದ ಸೊಸೆಯಂದಿರೆಲ್ಲ ಇಲ್‌ಸುನ್ ಅಂಗಳದಲ್ಲಿ ಸೇರಿ ವರ್ಷಕ್ಕಾಗುವಷ್ಟು ಕಿಮ್ಚಿ, ಅಂದರೆ ಕೋಸಿನ ಉಪ್ಪಿನಕಾಯಿ, ಹಾಕಬೇಕು. ಅವರೆಲ್ಲ ಬಗ್ಗಿ ಕೋಸಿಗೆ ಖಾರ ಮೆತ್ತುವಾಗ ಇಲ್‌ಸುನ್ ಮಣೆ ಹಾಕಿಕೊಂಡು ಕೂತು, ಎಲೆ ಎಲೆಯನ್ನೂ ಎತ್ತಿ ನೋಡಿ ಕೊಂಕು ತೆಗೆಯುತ್ತಾಳೆ. ಈ ಸಲ ದೊಕ್‌ಸಿಮ್‌ಗೆ ಸಾಕಾಗಿತ್ತು. ಭಾವನ ಮಂಡಿನೋವು ವಾಸಿಯಾಗಲೆಂದು ಬೆಟ್ಟದ ಬುದ್ಧನಿಗೆ ಹರಕೆ ಹೊತ್ತಿದ್ದೇನೆ, ಅದೇ ದಿನ ಹೋಗಲೇಬೇಕು ಎಂದುಬಿಟ್ಟಳು. ನೋಯುವುದು ಇಲ್‌ಸುನ್‌ಳ ಗಂಡನದೇ ಮಂಡಿ. ಅವಳು ಬೇಡವೆನ್ನುವುದಾದರೂ ಹೇಗೆ?

ಒಬ್ಬಳೇ ಬಸ್ಸು ಹಿಡಿದು, ಪೈನ್ ಮರಗಳ ನಡುವಿನ ಏರುದಾರಿಯಲ್ಲಿ ಹಾಡು ಗುನುಗುತ್ತ ಹತ್ತಿದಳು. ನೆಲದಡಿ ಬಿಸಿ ಹಾಯಿಸಿದ ಯಾತ್ರಿಕರ ಕೋಣೆಯಲ್ಲಿ ಕಾಲು ಚಾಚಿ ಮಲಗುವುದೊಂದೇ ಅವಳ ಹರಕೆ. ಆದರೆ ದೇವಸ್ಥಾನದ ಹೆಬ್ಬಾಗಿಲು ದಾಟಿದರೆ, ಅಂಗಳದ ತುಂಬ ಗೋಪುರದೆತ್ತರಕ್ಕೆ ಕೋಸು.

ತಲೆಗೆ ಟವೆಲು ಸುತ್ತಿದ್ದ ವಯಸ್ಸಾದ ಸನ್ಯಾಸಿನಿಯೊಬ್ಬರು ಬಂದು ಅವಳ ಕೈಗೆ ರಬ್ಬರ್ ಗವಸು ಕೊಟ್ಟರು.

"ನಾನು ಪ್ರಾರ್ಥನೆಗೆ ಬಂದವಳು, ಗುರುಗಳೇ."

"ಬುದ್ಧ ನಾಳೆನೂ ಇಲ್ಲೇ ಇರ್ತಾನೆ ತಾಯಿ. ಉಪ್ಪಲ್ಲಿ ನೆನೆದ ಕೋಸು ಕಾಯಲ್ಲ."

ಬೆಳ್ಳುಳ್ಳಿ ಇಲ್ಲ, ಮೀನಿನ ರಸವೂ ಇಲ್ಲ, ಇದೆಂಥ ಕಿಮ್ಚಿ ಎಂದು ಗೊಣಗುತ್ತಲೇ ದೊಕ್‌ಸಿಮ್ ಕೂತಳು. ಕೂತ ಮೇಲೆ ಬಾಯಿ ಸುಮ್ಮನಿರುತ್ತದೆಯೇ? ಓರಗಿತ್ತಿ ಎಲೆ ಎತ್ತಿ ಮೂಗು ಮುರಿಯುವುದನ್ನು ಮಾಡಿ ತೋರಿಸಿದಳು. ಸಾಲಿನಲ್ಲಿದ್ದ ಹೆಂಗಸರು ನಕ್ಕು ನಕ್ಕು ಕಣ್ಣಿಗೆ ಖಾರದ ಕೈ ತಗುಲಿಸಿಕೊಂಡರು. ಅಷ್ಟರಲ್ಲಿ ಫೋನು ಬಂತು. ಇಲ್‌ಸುನ್. ದೊಕ್‌ಸಿಮ್‌ಳ ಗವಸೆಲ್ಲ ಖಾರ ಮೆತ್ತಿ ಕೆಂಪಾಗಿದ್ದರಿಂದ ಸನ್ಯಾಸಿನಿಯೇ ಅವಳ ಕಿವಿಗೆ ಹಿಡಿದರು.

"ಅದೇನೇ ಗಲಾಟೆ?" ಎಂದು ಇಲ್‌ಸುನ್ ಕೇಳಿದಳು.

"ಮಂತ್ರ ಹೇಳ್ತಿದಾರೆ, ಅಕ್ಕ."

ಹಿಂದಿನಿಂದ ಯಾರೋ, ಉಪ್ಪು ಸಾಲದು, ಇನ್ನೊಂದು ಬುಟ್ಟಿ ತನ್ನಿ ಎಂದು ಕೂಗಿದರು. ಇಲ್‌ಸುನ್‌ಗೆ ಅನುಮಾನ ಬಂತು. ಅಲ್ಲಿರುವ ಗುರುಗಳಿಗೆ ಕೊಡು ಎಂದಳು. ಸುಳ್ಳಾಡದ ವ್ರತದ ಸನ್ಯಾಸಿನಿ ಒಂದು ಗಳಿಗೆ ಕೋಸಿನ ರಾಶಿ ನೋಡಿದರು.

"ನಿಮ್ಮ ತಂಗಿ ಬಂದಾಗಿಂದ ಸೊಂಟ ಎತ್ತಿಲ್ಲ ತಾಯಿ. ಬಾಗಿದವರು ಬಾಗೇ ಇದಾರೆ," ಎಂದು ಫೋನು ಇಟ್ಟರು.

ಸಂಜೆ ಗಂಟೆ ಬಾರಿಸುವಾಗ ಬುದ್ಧನ ಮಂಟಪದ ಮೆಟ್ಟಿಲ ಮೇಲೆ ದೊಕ್‌ಸಿಮ್ ಒಬ್ಬಳೇ ಕೂತಿದ್ದಳಂತೆ. ಸೊಂಟ ಮುರಿದಂತಿತ್ತು. ಕೊಂಕು ತೆಗೆಯುವವರಿಲ್ಲದೆ ದುಡಿದರೆ ದಣಿವೂ ಹಿತವೇ ಎಂದು ಅನಿಸಿತಂತೆ. ಕೊನೆಗೆ ಒಳಗೆ ಹೋಗಿ, ಬಂದದ್ದಕ್ಕಾದರೂ ಇರಲಿ ಎಂದು, ಭಾವನ ಮಂಡಿಯ ಹೆಸರಲ್ಲಿ ಒಂದು ನಮಸ್ಕಾರ ಹಾಕಿದಳು. ಏಳಲು ಇಬ್ಬರು ಹಿಡಿದೆತ್ತಬೇಕಾಯಿತು.

ವಾರ ಕಳೆದು ಇಲ್‌ಸುನ್ ಸ್ನಾನಕ್ಕೆ ಬಂದಳು. ಉಜ್ಜುವ ಮಂಚದ ಮೇಲೆ ಬೋರಲು ಮಲಗಿದ ಮನುಷ್ಯ ಎದ್ದು ಹೊಡೆಯಲಾರ ಎಂದು ಧೈರ್ಯ ಮಾಡಿ ದೊಕ್‌ಸಿಮ್ ಇದ್ದದ್ದನ್ನೆಲ್ಲ ಒಪ್ಪಿಕೊಂಡಳು. ನಾನು ಟವೆಲು ಮಡಿಸುವ ನೆಪದಲ್ಲಿ ಅಲ್ಲೇ ನಿಂತೆ.

"ಗೊತ್ತಿತ್ತು ಬಿಡು," ಎಂದಳು ಇಲ್‌ಸುನ್. "ಯಾವ ಮಂತ್ರದಲ್ಲಿ ಉಪ್ಪು ಸಾಲದು ಅಂತ ಬರುತ್ತೆ? ಅಲ್ಲಿನ ಕಿಮ್ಚಿ ರುಚಿ ಹೇಗಿತ್ತು?"

"ನಿಮ್ಮದಕ್ಕಿಂತ ಚೆನ್ನಾಗಿತ್ತು, ಅಕ್ಕ."

ನಾನು ಮಡಿಸಿದ್ದ ಟವೆಲನ್ನೇ ಬಿಚ್ಚಿ ಮತ್ತೆ ಮಡಿಸಿದೆ.

"ಭುಜದ ಹತ್ರ ಸರಿಯಾಗಿ ಉಜ್ಜು," ಎಂದಳು ಇಲ್‌ಸುನ್. ಆಮೇಲೆ ಮಗ್ಗುಲಾಗುತ್ತ, ಆ ಬೆಟ್ಟಕ್ಕೆ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದಳು.