ಬೇಡವೆಂದ ಫೋಟೋಕ್ಕೆ ಕೈ ಮುಗಿದವನು

ಬೀದರದ ನೌಬಾದದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಫೋಟೋ ಸ್ಟುಡಿಯೋ. ತೆಗೆದ ಮದುವೆ ಫೋಟೋಗಳನ್ನೆಲ್ಲ ಒಂದು ಕಂಪನಿಯ ಕ್ಲೌಡ್ ಬ್ಯಾಕಪ್‌ನ ಹೋಮ್ ಪ್ಲಾನಿನಲ್ಲಿ ಇಟ್ಟಿದ್ದೆ. ಒಂದು ದಿನ ಮೇಲ್ ಬಂತು: ಹೋಮ್ ಪ್ಲಾನ್ ನಿಲ್ಲಿಸಿದ್ದೇವೆ, ತಿಂಗಳೊಳಗೆ ನಿಮ್ಮ ಫೈಲು ತೆಗೆದುಕೊಳ್ಳಿ. ಬಾಡಿಗೆದಾರನನ್ನೂ ಯಾರೂ ಹೀಗೆ ಹೊರಗೆ ಹಾಕುವುದಿಲ್ಲ!

ಕಸ್ಟಮರ್ ಕೇರಿಗೆ ಫೋನ್ ಮಾಡಿ ಕೂಗಾಡಿದೆ. “ನಮ್ಮ ನೆಟ್ಟಿಗಿ ಅಷ್ಟು ಫೋಟೋ ತಿಂಗಳದಾಗ ಇಳಿಯಂಗಿಲ್ರಿ!”

“ಮಸುಕಾಗಿರೋದು, ಬೇಡದ್ದು ಡಿಲೀಟ್ ಮಾಡಿ ಸರ್,” ಎಂದ ಆತ, ತಣ್ಣಗೆ.

ಅಷ್ಟರಲ್ಲಿ ಸಂತಪುರದಿಂದ ಕುರಿ ಸಾಕುವ ಮಾಳಪ್ಪ ಬಂದ. “ಅವ್ವ ತೀರಿಹೋದ್ಳ್ರಿ. ಗೋಡಿಗಿ ಹಾಕ್ಲಾಕ ಒಂದೂ ಫೋಟೋ ಇಲ್ಲ. ಔರಾದದಾಗ ನೀವು ಫೋಟೋ ತೆಗ್ದ ಮದುವ್ಯಾಗ ರೊಟ್ಟಿ ಬಡಿಲಾಕ ಹೋಗಿದ್ಳು, ನೋಡ್ರಿ.”

ಫೋನ್ ಇಡದೆಯೇ ಹುಡುಕಿದೆ. ಬೀಗರ ಹಿಂದೆ, ಒಲೆಯ ಹೊಗೆಯಲ್ಲಿ, ಅವನ ಅವ್ವ ಮಸುಕು ಮಸುಕಾಗಿ ನಗುತ್ತಿದ್ದಳು. ಅಳಿಸಲು ಕೂತಿದ್ದರೆ ಮೊದಲು ಹೋಗುತ್ತಿದ್ದದ್ದು ಅದೇ ಫೋಟೋ. ಮಾಳಪ್ಪ ಚಪ್ಪಲಿ ಬಿಟ್ಟು ಕಂಪ್ಯೂಟರಿಗೆ ಕೈ ಮುಗಿದ.

“ಕೇಳ್ರಿ ಸಾಹೇಬ್ರ, ನೀವು ಬ್ಯಾಡಂದ ಫೋಟೋಕ್ಕ ಮಗ ಕೈ ಮುಗಿಲಾಕತ್ತಾನ,” ಎಂದೆ.

“ಬೇರೆ ಏನಾದರೂ ಸಹಾಯ ಬೇಕಾ ಸರ್?”

ಸೈಬರ್ ಕೆಫೆಯ ನೆಟ್ಟಿನಿಂದ ಫೋಟೋಗಳನ್ನೆಲ್ಲ ಇಳಿಸಿಕೊಂಡು ಈಗ ಬೇರೆ ಕಂಪನಿ ಹಿಡಿದಿದ್ದೇನೆ, ಆದರೆ ನಂಬಿಲ್ಲ. ಇನ್ನೊಂದು ಪ್ರತಿಯ ಹಾರ್ಡ್‌ಡಿಸ್ಕು ಮಾಳಪ್ಪನ ಮನೆಯ ಟ್ರಂಕಿನಲ್ಲಿ, ಅವನ ಅವ್ವನ ಸೀರೆಗಳ ಕೆಳಗಿದೆ. ಅಲ್ಲಿಂದ ಇದುವರೆಗೂ ಯಾವ ನೋಟೀಸೂ ಬಂದಿಲ್ಲ.