ಬೇರೆಲ್ಲೂ ತೆರೆಯದ ಕ್ಯಾಲೆಂಡರ್

ಲಂಡನ್ನಿನ ಫೆಲ್ಥಮ್‌ನ ವಿಮಾನ ಸರಕು ಸಾಗಣೆ ಕಚೇರಿಗೆ ಇಮೇಲ್, ಕ್ಯಾಲೆಂಡರ್‌ಗಳ ಸಾಫ್ಟ್‌ವೇರ್ ಕೊಳ್ಳುವಾಗಲೇ, ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಧಾರವಾಡದ ವಿಜಯಾ ಎಷ್ಟೋ ಬಡಕೊಂಡಿದ್ದಳು: "ಸರ್, ಬ್ಯಾರೆ ಸಾಫ್ಟ್‌ವೇರ್‌ದಾಗೂ ತೆರಿಯೂ ಅಂಥಾದ್ದು ತಗೋರಿ. ಇದರಾಗಿಂದ ಕಳಿಸಿದ ಮೀಟಿಂಗ್ ಕರೆ ಏರ್‌ಲೈನ್‌ನವರಿಗೆ ಓದಲಿಕ್ಕೇ ಬರೂದಿಲ್ಲ."

"ಅವ್ರೂ ಇದನ್ನೇ ತಗೊಳ್ಳಲಿ ಬಿಡಿ. ಬಣ್ಣ ಎಷ್ಟು ಚೆನ್ನಾಗಿದೆ ನೋಡಿ!" ಎಂದು ನಕ್ಕಿದ್ದರು ಮೈಸೂರಿನ ಮ್ಯಾನೇಜರ್ ಶೇಷಾದ್ರಿ.

2005ರಲ್ಲಿ ಅದನ್ನು ಮಾರಿದ ಕಂಪನಿಯೇ ಬಾಗಿಲು ಹಾಕಿತು. ಹೊಸ ಸಾಫ್ಟ್‌ವೇರ್ ತಂದರೆ, ಹಳೆಯ ಕ್ಯಾಲೆಂಡರ್ ಅದರಲ್ಲಿ ತೆರೆಯಲೇ ಇಲ್ಲ.

"ಹಳೇದನ್ನ ನೋಡ್ಕೊಂಡು ಎಲ್ಲಾ ಟೈಪ್ ಮಾಡ್ಬಿಡಿ ವಿಜಯಾ. ವೀಕೆಂಡ್ ಇದೆಯಲ್ಲ," ಎಂದರು ಶೇಷಾದ್ರಿ.

ಲಂಡನ್ನಿಗೆ ಬಂದಂದಿನಿಂದ ಬೇರೆಯವರ ತಪ್ಪು ತಿದ್ದುತ್ತಲೇ ಬಂದಿದ್ದ ವಿಜಯಾಳ ಮೈಯೆಲ್ಲ ಉರಿದುಹೋಯಿತು. ಕೋಟು ಎತ್ತಿಕೊಂಡು, ತನ್ನ ಕುರ್ಚಿಯನ್ನು ಅವರತ್ತ ತಳ್ಳಿದಳು.

"ಕೂಡ್ರಿ ಸರ್. ಆರಿಸಿದವರು ನೀವು, ನೀವೇ ಟೈಪ್ ಮಾಡ್ರಿ. ಬ್ಯಾಸರಾದ್ರ ಬಣ್ಣಾ ನೋಡ್ಕೋತ ಕೂಡ್ರಿ."