ಮುಂಡಗೋಡದಾಕಿ

ಯಾಂಗ್ಚೆನ್ ಹುಟ್ಟಿದ್ದು ಮುಂಡಗೋಡದ ಟಿಬೆಟನ್ ಕ್ಯಾಂಪಿನಲ್ಲಿ. ಹಿಮಾಲಯ ದಾಟಿ ಬಂದ ಅವರ ತಂದೆತಾಯಿ ಅಲ್ಲಿ ಗೋವಿನಜೋಳ ಬೆಳೆಯುತ್ತಿದ್ದರು. ಚಳಿಗಾಲ ಬಂತೆಂದರೆ ತಾಯಿ ಹುಬ್ಬಳ್ಳಿಗೆ ಹೋಗಿ ರಸ್ತೆಬದಿಯಲ್ಲಿ ಸ್ವೆಟರ್ ಮಾರುವರು. ಪಕ್ಕದಲ್ಲಿ ಕೂತು ಗಿರಾಕಿಗಳ ಚೌಕಾಸಿ ಕೇಳುತ್ತಲೇ ಮಗಳಿಗೆ ಕನ್ನಡ ಬಂತು. ಪದವಿ ಮುಗಿದ ಮೇಲೆ ಅವರು ಕ್ಯಾಂಪಿನ ಆಡಳಿತ ಕಚೇರಿ ಸೇರಿದರು. ಕೆಟ್ಟ ಪಂಪು, ಬಾರದ ರೇಷನ್, ಮುದುಕರ ಆಸ್ಪತ್ರೆ ಓಡಾಟ, ಎಲ್ಲವೂ ಅವರ ತಲೆಯ ಮೇಲೆ. ತೊಂಬತ್ತರ ದಶಕದ ಆರಂಭದಲ್ಲಿ ಅಮೆರಿಕ ಒಂದಷ್ಟು ಟಿಬೆಟನ್ನರಿಗೆ ವೀಸಾ ಕೊಟ್ಟಿತು. ಚೀಟಿ ಎತ್ತಿದಾಗ ಯಾಂಗ್ಚೆನ್ ಹೆಸರು ಬಂತು. ಹಾಗೆ ಆಸ್ಟಿನ್ನಿಗೆ ಬಂದರು.

ಕ್ಯಾಂಪಿನಲ್ಲಿ ಮೇಡಂ ಆಗಿದ್ದವರು ಇಲ್ಲಿ ವೃದ್ಧಾಶ್ರಮವೊಂದರಲ್ಲಿ ಹಾಸಿಗೆ ಬದಲಿಸಿದರು, ಸಂಜೆ ಕಾಲೇಜಿಗೆ ಹೋದರು. ೧೯೯೮ರಲ್ಲಿ, ಸುತ್ತಲಿನ ಕೌಂಟಿಗಳು ಕೂಡಿ ನಡೆಸುತ್ತಿದ್ದ ಪ್ರಾದೇಶಿಕ ಕಚೇರಿಯಲ್ಲಿ ನೌಕರಿ ಸಿಕ್ಕಿತು. ಹಳ್ಳಿಗಾಡಿನ ವೃದ್ಧರ ಮನೆಗೆ ಊಟ ತಲುಪಿಸುವುದು, ಆಸ್ಪತ್ರೆಗೆ ವ್ಯಾನ್ ಕಳಿಸುವುದು ಕೆಲಸ. ಒಂಟಿ ಮುದುಕನೊಬ್ಬ ಬಾಗಿಲು ತೆರೆಯದೆ ಒಳಗಿನಿಂದಲೇ, “ಎಲ್ಲಿಯವಳು ನೀನು?” ಎಂದು ಗದರಿದನಂತೆ. ಯಾಂಗ್ಚೆನ್‌ಗೆ ಆ ಪ್ರಶ್ನೆಗೆ ಉತ್ತರ ಎಂದೂ ಹೊಳೆದದ್ದಿಲ್ಲ. ಟಿಬೆಟ್ ಕಣ್ಣಾರೆ ಕಂಡಿಲ್ಲ; ಹುಟ್ಟಿದ ನೆಲದಲ್ಲಿ ನಿರಾಶ್ರಿತೆ. “ಕಚೇರಿಯಿಂದ ಬಂದಿದ್ದೇನೆ, ಸೂಪ್ ಆರುತ್ತಿದೆ” ಎಂದರು. ಬಾಗಿಲು ತೆರೆಯಿತು. ಮುಂದೆ ಅವರು ಅಮೆರಿಕದ ಪ್ರಜೆಯಾಗಿ ಪ್ರಮಾಣವಚನ ತೆಗೆದುಕೊಂಡ ದಿನ ಅದೇ ಮುದುಕ ಟೈ ಕಟ್ಟಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ.

ನಾನು ಅವರನ್ನು ಕಂಡದ್ದು ೨೦೦೫ರ ಸೆಪ್ಟೆಂಬರಿನಲ್ಲಿ. ರೀಟಾ ಚಂಡಮಾರುತಕ್ಕೆ ಹೆದರಿ ಹ್ಯೂಸ್ಟನ್ನಿಗೆ ಹ್ಯೂಸ್ಟನ್ನೇ ಊರು ಬಿಟ್ಟಿತ್ತು. ಅದರ ಅಂಚಿನ ಸೈಪ್ರೆಸ್‌ನಿಂದ ನಾನು, ನನ್ನ ಗಂಡ ವೇಣುಗೋಪಾಲ, ನಮ್ಮ ಜೊತೆಯಲ್ಲೇ ಇದ್ದ ಅತ್ತೆ ಲಲಿತಮ್ಮ ಕಾರಿನಲ್ಲಿ ಹೊರಟೆವು. ಮೂರು ಗಂಟೆಯ ದಾರಿ ಒಂದಿಡೀ ದಿನ ನುಂಗಿತು. ಪೆಟ್ರೋಲ್ ಉಳಿಯಲೆಂದು ಎಸಿ ಆಫ್ ಮಾಡಿದ್ದೆವು. ಆಸ್ಟಿನ್ನಿನ ಶಾಲೆಯೊಂದರ ಜಿಮ್‌ನಲ್ಲಿ ಮಂಚ ಸಿಗುವ ಹೊತ್ತಿಗೆ ಸಕ್ಕರೆ ಕಾಯಿಲೆಯ ಅತ್ತೆ ಬಾಡಿದ ಸೊಪ್ಪಿನಂತಾಗಿದ್ದರು. ಗೋಡೆಯ ಕಡೆ ತಿರುಗಿ ಮಲಗಿದವರು ಏನು ಕೊಟ್ಟರೂ ಒಲ್ಲೆ ಎಂದರು. “ನನ್ನ ಮನಿಗೆ ಕಳಸ್ರೋ” ಅನ್ನುವುದೊಂದೇ ಮಾತು.

ಆ ಆಶ್ರಯ ಶಿಬಿರದ ಉಸ್ತುವಾರಿ ಹೊತ್ತು ಹಳದಿ ಜಾಕೆಟ್ ತೊಟ್ಟು ಓಡಾಡುತ್ತಿದ್ದ ಅಧಿಕಾರಿಯೊಬ್ಬರು ಆ ಮಾತು ಕೇಳಿ ನಿಂತರು. ಬಂದು ಮಂಚದ ಪಕ್ಕ ಮಂಡಿಯೂರಿದರು.

“ಅಜ್ಜಿ, ಯಾವೂರ್ರೀ ನಿಮ್ದು?”

ಅತ್ತೆ ಗಕ್ಕನೆ ತಿರುಗಿದರು. ಆ ಮುಖಕ್ಕೂ ಆ ಮಾತಿಗೂ ತಾಳೆಯಾಗದೆ ಸ್ವಲ್ಪ ಹೊತ್ತು ನೋಡಿದರು. “ಶಿಗ್ಗಾಂವಿ. ನೀ ಯಾರ ಪೈಕಿ ಯವ್ವಾ?”

“ನಾ ಮುಂಡಗೋಡದಾಕೀರಿ. ಯಾಂಗ್ಚೆನ್.”

“ಯಂಕವ್ವಾ?”

“ಹೂಂರಿ, ಯಂಕವ್ವ. ಈಗ ಈ ಬಿಸ್ಕೀಟ್ ತಿನ್ರಿ. ನೀವು ತಿನ್ನೂಮಟಾ ನಾ ಏಳಂಗಿಲ್ಲ.”

ಅತ್ತೆ ತಿಂದರು. ತಿನ್ನುತ್ತ ಅವರ ಕೈ ಹಿಡಿದುಕೊಂಡೇ ಇದ್ದರು.

ಮಧ್ಯಾಹ್ನ ಮೇಲಿನಿಂದ ಆದೇಶ ಬಂತು. ಜಾಗ ತುಂಬಿದೆ, ಹೊಸದಾಗಿ ಬಂದವರನ್ನೆಲ್ಲ ಬಸ್ಸಿನಲ್ಲಿ ಡಾಲಸ್ ಕಡೆಗೆ ಕಳಿಸಿ ಎಂದು. ಯಾಂಗ್ಚೆನ್ ಫೋನಿನಲ್ಲಿ ಇಂಗ್ಲಿಷಿನಲ್ಲಿ ಹೇಳಿದ್ದು ನನಗೆ ಕೇಳಿಸಿತು: “ಗಟ್ಟಿಮುಟ್ಟಾಗಿರುವವರನ್ನು ಕಳಿಸುತ್ತೇನೆ. ವಯಸ್ಸಾದವರನ್ನೂ ಅವರ ಮನೆಯವರನ್ನೂ ಎಬ್ಬಿಸುವುದಿಲ್ಲ. ಜಾಗ ನಾನು ಮಾಡುತ್ತೇನೆ.” ಆಚೆಯ ಧ್ವನಿ ಏರಿತು. ಅವರು ಅದೇ ಮಾತನ್ನು ಇನ್ನೊಮ್ಮೆ ಮೆಲ್ಲಗೆ ಹೇಳಿ ಫೋನ್ ಇಟ್ಟರು. ಲೈಬ್ರರಿಯ ಮೇಜುಗಳನ್ನು ಹೊರಗಿಟ್ಟು, ಸಂಗೀತದ ಕೋಣೆ ಖಾಲಿ ಮಾಡಿಸಿ, ಮಂಚಗಳನ್ನು ತಾವೂ ಎಳೆದರು.

“ಕೆಲಸಕ್ಕೇನಾದ್ರೂ ತೊಂದ್ರೆ ಆದ್ರೆ?” ಎಂದು ಕೇಳಿದೆ.

“ಆದ್ರ ಆಗ್ಲಿ ಕುಮುದಾ. ಹಿಮದಾಗ ನಡದು ಗಡಿ ದಾಟಿದಾಗ ನಮ್ಮಜ್ಜ ಗಟ್ಟಿ ಇದ್ನಂತ. ಆಮ್ಯಾಲೆ ಈ ಕ್ಯಾಂಪಿಂದ ಆ ಕ್ಯಾಂಪಿಗೆ ಸಾಗಿಸಿದ್ರಲ್ಲ, ಆವಾಗ ಹ್ವಾದ. ಅವ್ವ ಹೇಳ್ತಿದ್ಲು.” ಇಷ್ಟು ಹೇಳಿ, ಮತ್ತೆ ಫೋನ್ ಬಂತೇ ಎಂದು ತಿರುಗಿ ನೋಡಿದರು. ಹೆದರಿಕೆ ಇಲ್ಲದೆ ಮಾಡಿದ ಕೆಲಸವಲ್ಲ ಅದು.

ಗಾಳಿಮಳೆ ಹಾದುಹೋದ ಮೇಲೆ ನಾವು ಮನೆಗೆ ಮರಳಿದೆವು. ಯಾಂಗ್ಚೆನ್ ವಿಚಾರಣೆಗೆ ನಿಂತರು. ಆದೇಶ ಮೀರಿದ್ದಕ್ಕೆ ಎಚ್ಚರಿಕೆ ಸಿಕ್ಕಿತು, ಆ ವರ್ಷದ ಬಡ್ತಿ ತಪ್ಪಿತು. ಆದರೆ ಆ ಜಿಮ್‌ನಲ್ಲಿದ್ದ ಮುದುಕರ ಮಕ್ಕಳು ಕಚೇರಿಯ ಸಾರ್ವಜನಿಕ ಸಭೆಗೆ ಹೋಗಿ ಅವರ ಪರವಾಗಿ ಮಾತಾಡಿದರು, ವೇಣುವೂ ಮಾತಾಡಿದ. ಮರುವರ್ಷ ಆ ಕಚೇರಿ ಹೊಸ ನಿಯಮ ಮಾಡಿತು: ಒಮ್ಮೆ ಆಶ್ರಯ ಸಿಕ್ಕ ವೃದ್ಧರನ್ನು ಮತ್ತೆ ಸಾಗಿಸಕೂಡದು. ೨೦೦೭ರಲ್ಲಿ ಯಾಂಗ್ಚೆನ್ ಅವರನ್ನೇ ಆ ವಿಭಾಗದ ಮುಖ್ಯಸ್ಥೆಯನ್ನಾಗಿ ಮಾಡಿದರು.

ಅಧಿಕಾರ ವಹಿಸಿಕೊಂಡ ಮೊದಲ ಭಾನುವಾರ ಅವರು ಆಸ್ಟಿನ್‌ನಿಂದ ಡ್ರೈವ್ ಮಾಡಿಕೊಂಡು ನಮ್ಮ ಮನೆಗೆ ಬಂದರು. ಅತ್ತೆ ಬೆಳಗಿನಿಂದ ಕೂತು ರೊಟ್ಟಿ ಬಡಿದಿದ್ದರು. ರೊಟ್ಟಿ, ಎಣಗಾಯಿ, ಮೊಸರು ಉಂಡು, ಮಾತಾಡುತ್ತ ಮಾತಾಡುತ್ತಲೇ ಯಾಂಗ್ಚೆನ್ ಅತ್ತೆಯ ಹಾಸಿಗೆಯ ಮೇಲೆ ನಿದ್ದೆ ಹೋದರು. ಅತ್ತೆ ಕೌದಿ ಹೊದಿಸಿ, ಟಿವಿ ಆರಿಸಿ, ನಮ್ಮಿಬ್ಬರನ್ನೂ ಹಿತ್ತಲಿಗೆ ಅಟ್ಟಿದರು.

ಸ್ವಲ್ಪ ಹೊತ್ತಿಗೆ ಯಾಂಗ್ಚೆನ್ ಅವರ ಮೊಬೈಲ್ ರಿಂಗಾಯಿತು. ನಾನು ಓಡಿಬರುವಷ್ಟರಲ್ಲಿ ಅತ್ತೆ ಅದನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗಿದ್ದರು. ಆಚೆಯಿಂದ ಯಾರೋ ಅಮೆರಿಕನ್ ಗಂಡಸು ಅವಸರದಲ್ಲಿ ಏನೋ ಕೇಳುತ್ತಿದ್ದ.

“ಯಂಕವ್ವ ಮಲಗ್ಯಾಳ್ರಿ,” ಎಂದರು ಅತ್ತೆ, ದನಿ ತಗ್ಗಿಸಿ. “ಪಾಪ, ದಣದಾಳ. ಆಮ್ಯಾಲೆ ಮಾಡ್ರಿ.”

ಅವನಿಗೆ ಏನು ಅರ್ಥವಾಯಿತೋ, “ಯೆಸ್, ಮ್ಯಾಮ್” ಅಂದ.